ಅಲಾಸ್ಕಾಕ್ಕೆ ಸರ್ಕಾರಿ ಹಡಗು: ಬೆಲಿಂಗ್‌ಹ್ಯಾಮ್‌ನಿಂದ ಸ್ಕ್ಯಾಗ್ವೇಗೆ ಮೂರು ರಾತ್ರಿಯ ದಾರಿ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ಬೇಜಾರಾಗುವುದು ಬೇಡ. ಈ ಹಡಗಿನಲ್ಲಿ ಈಜುಕೊಳ ಇಲ್ಲ, ಸಂಜೆಗೆ ಹಾಡು ಕುಣಿತ ಇಲ್ಲ, ಹಾಸಿಗೆ ಮೇಲೆ ಟವೆಲಿನಲ್ಲಿ ಹಂಸ ಮಡಚಿಡುವವರೂ ಇಲ್ಲ. ಅಲಾಸ್ಕಾದ ಆಗ್ನೇಯ ಕರಾವಳಿಯಲ್ಲಿ ಹೆಚ್ಚಿನ ಕಡೆ ಊರಿಂದೂರಿಗೆ ರಸ್ತೆ ಇಲ್ಲ. ರಾಜಧಾನಿ ಜೂನೋಗೇ ಹೊರಗಿನಿಂದ ಕಾರಿನಲ್ಲಿ ಹೋಗಲು ಬರುವುದಿಲ್ಲ. ಹಿಂದೆ ಬೆಟ್ಟ ಮತ್ತು ಹಿಮನದಿ, ಮುಂದೆ ನೀರು. ಅದಕ್ಕೇ 1963ರಲ್ಲಿ ರಾಜ್ಯ ಸರ್ಕಾರ ತಾನೇ ಹಡಗು ಓಡಿಸಲು ಶುರುಮಾಡಿ, ಅದಕ್ಕೆ ‘ಅಲಾಸ್ಕಾ ಮರೀನ್ ಹೈವೇ’ ಎಂದು ಹೆಸರಿಟ್ಟಿತು. ಹೆದ್ದಾರಿಯೇ ಇದು, ನೀರಿನ ಮೇಲಿದೆ ಅಷ್ಟೆ. ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡ ಪಕ್ಕದ ಊರಿಗೆ ಪಂದ್ಯಕ್ಕೆ ಹೋಗುವುದು ಇದರಲ್ಲೇ, ಮನೆ ಬದಲಾಯಿಸುವವರು ಫ್ರಿಜ್ಜು, ಮಂಚ, ನಾಯಿ ಸಮೇತ ಹೊರಡುವುದೂ ಇದರಲ್ಲೇ.

ನಮ್ಮ ಕೆಂಪು ಬಸ್ಸಿನಲ್ಲಿ ರಾತ್ರಿ ಪ್ರಯಾಣ ಮಾಡಿ ಅಭ್ಯಾಸವಿದ್ದವರಿಗೆ ಈ ಹಡಗು ಬೇಗ ಒಗ್ಗುತ್ತದೆ. ಹೊದಿಕೆ ನಿಮ್ಮದು, ಬುತ್ತಿ ನಿಮ್ಮದು, ಜಾಗ ಹಿಡಿಯುವ ಚುರುಕುತನವೂ ನಿಮ್ಮದೇ. ಸಿಯಾಟಲ್ ಸುತ್ತಮುತ್ತ ಇರುವ ಕನ್ನಡದವರಲ್ಲಿ ಅಲಾಸ್ಕಾ ಎಂದರೆ ಏಳು ದಿನದ ಕ್ರೂಸ್ ಎಂದೇ ಲೆಕ್ಕ. ನಾನು ಎರಡನ್ನೂ ಮಾಡಿದ್ದೇನೆ. ಎರಡನೆಯ ಸಲ, ಊರಿಂದ ಬಂದಿದ್ದ ಅಪ್ಪನನ್ನು ಕರೆದುಕೊಂಡು ಈ ಫೆರಿಯಲ್ಲಿ ಹೋದೆ. ಕೆಳಗಿರುವುದು ಆ ಪ್ರಯಾಣದಿಂದ ಕಲಿತದ್ದು, ತಪ್ಪು ಮಾಡಿ ಕಲಿತದ್ದೂ ಸೇರಿ.

ದಾರಿ ಯಾವುದು, ಎಷ್ಟು ಹೊತ್ತು

ಹಡಗು ಹೊರಡುವುದು ವಾಷಿಂಗ್ಟನ್ ರಾಜ್ಯದ ಬೆಲಿಂಗ್‌ಹ್ಯಾಮ್‌ನಿಂದ. ಸಿಯಾಟಲ್‌ನಿಂದ ಉತ್ತರಕ್ಕೆ ಸುಮಾರು 145 ಕಿ.ಮೀ. 1989ರವರೆಗೆ ಸಿಯಾಟಲ್‌ನಿಂದಲೇ ಹೊರಡುತ್ತಿತ್ತು. ಬೆಲಿಂಗ್‌ಹ್ಯಾಮ್‌ನ ಫೇರ್‌ಹೇವನ್ ಬಡಾವಣೆಯಲ್ಲಿ ಹಡಗುಕಟ್ಟೆಯ ಪಕ್ಕದಲ್ಲೇ ಆಮ್‌ಟ್ರ್ಯಾಕ್ ರೈಲು ನಿಲ್ದಾಣ, ಬಸ್ಸೂ ಅಲ್ಲಿಗೇ ಬರುತ್ತದೆ. ಕಾರಿಲ್ಲದೆ ಹೊರಟವರಿಗೆ ಇಷ್ಟು ಅನುಕೂಲದ ಜಾಗ ಅಮೆರಿಕದಲ್ಲಿ ಕಡಿಮೆ.

ಸಾಮಾನ್ಯವಾಗಿ ಶುಕ್ರವಾರ ಸಂಜೆ ಹೊರಡುತ್ತದೆ. ಅಲ್ಲಿಂದ ಕೆಚಿಕನ್‌ಗೆ ಸುಮಾರು 38 ಗಂಟೆ, ನಡುವೆ ಎಲ್ಲೂ ನಿಲ್ಲುವುದಿಲ್ಲ. ಭಾನುವಾರ ಬೆಳಿಗ್ಗೆ ಕೆಚಿಕನ್, ಮಧ್ಯಾಹ್ನದ ಮೇಲೆ ರಾಂಗೆಲ್, ಸಂಜೆ ಪೀಟರ್ಸ್‌ಬರ್ಗ್, ಸೋಮವಾರ ಬೆಳಗಿನ ಜಾವ ಜೂನೋ, ಆಮೇಲೆ ಹೇನ್ಸ್, ಕೊನೆಗೆ ಸ್ಕ್ಯಾಗ್ವೇ. ಈ ಹೊತ್ತು ಉಬ್ಬರವಿಳಿತಕ್ಕೆ ತಕ್ಕಂತೆ ವಾರವಾರಕ್ಕೆ ಹಿಂದೆಮುಂದೆ ಆಗುತ್ತದೆ. ಹಡಗಿನಲ್ಲಿ ನಡೆಯುವುದು ಅಲಾಸ್ಕಾ ಗಡಿಯಾರ, ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ನಿಮ್ಮ ಫೋನು ದಾರಿಯಲ್ಲಿ ಕೆನಡಾದ ಟವರ್ ಹಿಡಿದು ಬೇರೆ ಸಮಯ ತೋರಿಸುತ್ತದೆ, ನಂಬಬೇಡಿ. ರೋಮಿಂಗ್ ಬಿಲ್ಲಿನ ಭಯವಿದ್ದರೆ ಹತ್ತಿದ ಕೂಡಲೇ ಏರೋಪ್ಲೇನ್ ಮೋಡ್‌ಗೆ ಹಾಕಿ.

ತಿಂಗಳು ಆರಿಸುವುದಾದರೆ ನನ್ನ ವೋಟು ಮೇ ಕೊನೆಯಿಂದ ಜೂನ್‌ವರೆಗೆ. ಆ ಕರಾವಳಿಯಲ್ಲಿ ಮಳೆ ಕಡಿಮೆ ಇರುವ ದಿನಗಳು ಅವು. ಕಡಿಮೆ ಅಂದರೆ ಅಲ್ಲಿಯ ಲೆಕ್ಕದಲ್ಲಿ ಕಡಿಮೆ. ಕೆಚಿಕನ್‌ನಲ್ಲಿ ವರ್ಷಕ್ಕೆ ಸುಮಾರು 3,800 ಮಿ.ಮೀ. ಸುರಿಯುತ್ತದೆ. ಆಗುಂಬೆಯವರು ನಗಬಹುದು, ಆದರೆ ಆಗುಂಬೆಯ ಮಳೆ ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ, ಇದು ಹನ್ನೆರಡು ತಿಂಗಳೂ ಜಿನುಗುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇನ್ನೂ ಜೋರು. ಜೂನ್‌ನಲ್ಲಿ ಇನ್ನೊಂದು ಲಾಭ: ಜೂನೋದಲ್ಲಿ ಹಗಲು 18 ಗಂಟೆ ಇರುತ್ತದೆ. ದಾರಿಯ ಅರ್ಧ ಸೊಗಸು ಕತ್ತಲಲ್ಲಿ ಕಳೆದುಹೋಗುವುದು ತಪ್ಪುತ್ತದೆ.

ಕಾಗದಪತ್ರ: ಇಲ್ಲಿ ಎಡವುವವರೇ ಹೆಚ್ಚು

ಹಡಗು ಕೆನಡಾದ ನೀರಿನಲ್ಲಿ ಇಡೀ ಒಂದು ದಿನಕ್ಕೂ ಹೆಚ್ಚು ಸಾಗುತ್ತದೆ, ಆದರೆ ಅಲ್ಲಿ ಕಟ್ಟೆ ಮುಟ್ಟುವುದಿಲ್ಲ. ಆದ್ದರಿಂದ ಬೆಲಿಂಗ್‌ಹ್ಯಾಮ್‌ನಿಂದ ಅಲಾಸ್ಕಾಕ್ಕೆ ಇದು ದೇಶದೊಳಗಿನ ಪ್ರಯಾಣ. ಭಾರತೀಯ ಪಾಸ್‌ಪೋರ್ಟಿನವರಿಗೆ ಕೆನಡಾ ವೀಸಾ ಬೇಡ. ಫೋಟೋ ಇರುವ ಗುರುತಿನ ಚೀಟಿ ತೋರಿಸಬೇಕು. ನಮ್ಮಂಥವರು ಪಾಸ್‌ಪೋರ್ಟು, ಅಮೆರಿಕಕ್ಕೆ ಬಂದ ದಾಖಲೆಯಾದ ಐ-94ರ ಪ್ರತಿ, ಎಚ್-1ಬಿ ಕೆಲಸದ ವೀಸಾ ಇದ್ದರೆ ಅದರ ಮಂಜೂರಾತಿಯ ಐ-797 ಕಾಗದ ಜೊತೆಗಿಟ್ಟುಕೊಂಡರೆ ನಿಶ್ಚಿಂತೆ.

ತೊಂದರೆ ಶುರುವಾಗುವುದು ಹಡಗು ಇಳಿದ ಮೇಲೆ. ಹೇನ್ಸ್, ಸ್ಕ್ಯಾಗ್ವೇ ಎರಡಕ್ಕೂ ರಸ್ತೆ ಇದೆ, ಆದರೆ ಆ ರಸ್ತೆ ಸ್ವಲ್ಪ ದೂರದಲ್ಲೇ ಕೆನಡಾಕ್ಕೆ ಹೊಕ್ಕುತ್ತದೆ. ಕಾರು ಹತ್ತಿಸಿಕೊಂಡು ಬಂದು, ಅಲ್ಲಿಂದ ಫೇರ್‌ಬ್ಯಾಂಕ್ಸ್‌ಗೋ ಆಂಕರೇಜ್‌ಗೋ ಓಡಿಸಿಕೊಂಡು ಹೋಗೋಣ ಎಂದುಕೊಂಡರೆ ಕೆನಡಾ ವೀಸಾ ಕೈಯಲ್ಲಿರಬೇಕು. ಅಮೆರಿಕದ ಗ್ರೀನ್ ಕಾರ್ಡ್ ಇದ್ದವರಿಗೆ ಆ ವೀಸಾ ಬೇಡ, ಪಾಸ್‌ಪೋರ್ಟು ಮತ್ತು ಕಾರ್ಡು ಸಾಕು. ಸ್ಕ್ಯಾಗ್ವೇಯ ಹಳೆಯ ಬೆಟ್ಟದ ರೈಲಿಗೂ ಇದೇ ಮಾತು: ಶಿಖರದವರೆಗೆ ಹೋಗಿ ಇಳಿಯದೆ ವಾಪಸು ಬರುವ ರೈಲು ಬೇರೆ, ಗಡಿ ದಾಟಿ ಮುಂದೆ ಹೋಗುವ ರೈಲು ಬೇರೆ. ಟಿಕೆಟ್ ತೆಗೆಯುವಾಗ ಯಾವುದೆಂದು ನೋಡಿಕೊಳ್ಳಿ.

ಟಿಕೆಟ್ ಕಾಯ್ದಿರಿಸುವುದು

ಮೂರು ವಿಷಯಕ್ಕೆ ಬೇರೆ ಬೇರೆ ದುಡ್ಡು: ಜನಕ್ಕೆ, ಗಾಡಿಗೆ, ಕ್ಯಾಬಿನ್‌ಗೆ. ಗಾಡಿಯ ದರ ಉದ್ದದ ಮೇಲೆ, ಅದೇ ಎಲ್ಲಕ್ಕಿಂತ ದುಬಾರಿ. ಬೇಸಿಗೆಯ ಗಾಡಿಜಾಗ ಮತ್ತು ಕ್ಯಾಬಿನ್ ತಿಂಗಳುಗಳ ಮೊದಲೇ ತುಂಬಿಹೋಗುತ್ತದೆ, ಜಾಗ ತುಂಬಿದಂತೆ ದರವೂ ಏರುತ್ತದೆ. ಕಾಲ್ನಡಿಗೆಯಲ್ಲಿ ಹತ್ತುವವರಿಗೆ ಅಷ್ಟು ಪರದಾಟವಿಲ್ಲ. ನನ್ನ ಸಲಹೆ ಕೇಳಿದರೆ ಮೊದಲ ಸಲ ಕಾರು ಬಿಟ್ಟು ಹೋಗಿ. ಈ ಊರುಗಳಲ್ಲಿ ಕಾರು ಓಡಿಸಲು ಹೆಚ್ಚು ರಸ್ತೆಯೇ ಇಲ್ಲ.

ವಯಸ್ಸಾದವರು, ಕೈಗೂಸು ಇರುವವರು ಕ್ಯಾಬಿನ್ ತೆಗೆದುಕೊಳ್ಳಿ, ಅದರಲ್ಲಿ ಜಿಪುಣತನ ಬೇಡ. ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ ಅಗ್ಗ, ಮಲಗಲು ತಾನೆ. ಉಳಿದವರಿಗೆ ಕ್ಯಾಬಿನ್ ಇಲ್ಲದೆಯೂ ನಡೆಯುತ್ತದೆ. ಟಿಕೆಟ್ ತೆಗೆದ ಯಾರು ಬೇಕಾದರೂ ಲೌಂಜಿನ ಕುರ್ಚಿಯಲ್ಲಿ, ನೆಲದ ಮೇಲೆ, ಮೇಲಿನ ಡೆಕ್ಕಿನಲ್ಲಿ ಮಲಗಬಹುದು. ಸ್ನಾನದ ಕೋಣೆ ಎಲ್ಲರಿಗೂ ಇದೆ.

ವಾಪಸಾತಿಯ ವಿಮಾನವನ್ನು ಹಡಗು ಮುಟ್ಟುವ ದಿನಕ್ಕೇ ಇಟ್ಟುಕೊಳ್ಳಬೇಡಿ. ಹಳೆಯ ಹಡಗುಗಳು, ಒರಟು ಹವೆ. ವೇಳಾಪಟ್ಟಿ ಬದಲಾಗುತ್ತದೆ, ಒಂದು ಹಡಗಿನ ಬದಲು ಇನ್ನೊಂದು ಬರುತ್ತದೆ. ಒಂದು ದಿನ ಕೈಯಲ್ಲಿಟ್ಟುಕೊಂಡರೆ ನೆಮ್ಮದಿ.

ಏನೇನು ಕಟ್ಟಿಕೊಳ್ಳಬೇಕು

ಹಡಗಿಗೆಂದೇ ಬೇಕಾದದ್ದನ್ನು ಮಾತ್ರ ಹೇಳುತ್ತೇನೆ. ಸ್ಲೀಪಿಂಗ್ ಬ್ಯಾಗು, ಕೆಳಗೆ ಹಾಸಲು ದಪ್ಪ ಮ್ಯಾಟು. ಕಣ್ಣಿಗೆ ಕಟ್ಟುವ ಪಟ್ಟಿ, ಏಕೆಂದರೆ ದೀಪ ರಾತ್ರಿಯಿಡೀ ಉರಿಯುತ್ತದೆ, ಜೊತೆಗೆ ಹಗಲೂ ಬೇಗ ಬರುತ್ತದೆ. ಎಂಜಿನ್ನಿನ ಗುಂಯ್ ಶಬ್ದಕ್ಕೆ ಕಿವಿಗೆ ಇಡುವ ಸ್ಪಂಜು. ಒಳ್ಳೆಯ ಮಳೆಕೋಟು, ಉಣ್ಣೆಯ ಟೊಪ್ಪಿ, ಕೈಗವಸು. ಜೂನ್ ಆದರೂ ಓಡುವ ಹಡಗಿನ ಮೇಲೆ ಗಾಳಿ ಮೂಳೆಗೆ ತಾಗುತ್ತದೆ. ಅಪ್ಪ ಊರಿಂದ ತಂದಿದ್ದ ಮಂಕಿ ಕ್ಯಾಪಿಗೆ ನಾನು ಬೆಲಿಂಗ್‌ಹ್ಯಾಮ್‌ನಲ್ಲಿ ನಕ್ಕಿದ್ದೆ, ಶನಿವಾರ ಸಂಜೆ ಅದನ್ನೇ ಸಾಲ ಕೇಳಿದೆ.

ದುರ್ಬೀನು ಇಲ್ಲದೆ ಹೋಗಲೇಬೇಡಿ. ಫೋನಿನಲ್ಲಿ ಆ ಕರಾವಳಿಯ ಆಫ್‌ಲೈನ್ ನಕ್ಷೆ ಮೊದಲೇ ಇಳಿಸಿಕೊಳ್ಳಿ. ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ. ಎಡಗಡೆ ಕಾಣುವ ದ್ವೀಪದ ಹೆಸರೇನು, ಮುಂದಿನ ತಿರುವು ಎಷ್ಟು ದೂರ ಎಂದು ತಿಳಿಯುವುದೇ ಈ ಪ್ರಯಾಣದ ಅರ್ಧ ಆಟ. ಹಡಗಿನವರು ಎಲ್ಲವನ್ನೂ ಕೂಗಿ ಹೇಳುವುದಿಲ್ಲ.

ಕಾರು ತರುವವರಿಗೆ: ಹಡಗು ಹೊರಟ ಮೇಲೆ ಕಾರಿನ ಡೆಕ್ಕಿಗೆ ಬೀಗ. ನಾಯಿ ಬೆಕ್ಕು ಬಿಟ್ಟುಬಂದವರಿಗಾಗಿ ಆಗಾಗ ಕೆಲವು ನಿಮಿಷ ತೆರೆಯುತ್ತಾರೆ, ಅಷ್ಟೆ. ಔಷಧಿ, ಸ್ವೆಟರು, ಚಾರ್ಜರು, ತಿಂಡಿಯ ಚೀಲ ಎಲ್ಲ ಮೊದಲೇ ಮೇಲೆ ತೆಗೆದುಕೊಂಡು ಬನ್ನಿ. ಕಾರಿನ ಅಲಾರಾಂ ಆಫ್ ಮಾಡಿ. ಹಡಗಿನ ನಡುಕಕ್ಕೆ ಅದು ಕೂಗಲು ಶುರುಮಾಡಿದರೆ ಧ್ವನಿವರ್ಧಕದಲ್ಲಿ ನಿಮ್ಮ ನಂಬರ್ ಪ್ಲೇಟ್ ಓದುತ್ತಾರೆ.

ಬುತ್ತಿ

ಹಡಗಿನಲ್ಲಿ ಕೆಫೆಟೇರಿಯಾ ಇದೆ. ಮೀನು, ಬರ್ಗರು, ಸೂಪು ಚೆನ್ನಾಗಿಯೇ ಇರುತ್ತದೆ. ಸಸ್ಯಾಹಾರಿಗಳಿಗೆ ಬೆಳಿಗ್ಗೆ ಓಟ್ಸು, ಪ್ಯಾನ್‌ಕೇಕು, ಮಧ್ಯಾಹ್ನ ಸಲಾಡು, ಆಲೂಗಡ್ಡೆ ಫ್ರೈಸು, ಚೀಸ್ ಸ್ಯಾಂಡ್‌ವಿಚ್ಚು. ಎರಡನೇ ದಿನಕ್ಕೆ ನಾಲಿಗೆ ಮುಷ್ಕರ ಹೂಡುತ್ತದೆ. ಊಟ ತರಬಾರದು ಎಂಬ ನಿಯಮ ಇಲ್ಲ, ಅಲ್ಲಿಯ ಜನವೇ ದೊಡ್ಡ ದೊಡ್ಡ ಕೂಲರ್ ಹೊತ್ತುಕೊಂಡು ಬರುತ್ತಾರೆ. ಬಿಸಿನೀರು ಸಿಗುತ್ತದೆ, ಮೈಕ್ರೋವೇವ್ ಇದೆ. ಬೆಂಕಿ ಹಚ್ಚುವುದು ಮಾತ್ರ ಎಲ್ಲೂ ಕೂಡದು, ಕ್ಯಾಂಪಿಂಗ್ ಸ್ಟವ್ ಡೆಕ್ಕಿನ ಮೇಲೂ ಇಲ್ಲ.

ನಮ್ಮ ಲೆಕ್ಕ ಹೀಗಿತ್ತು: ಮೊದಲ ರಾತ್ರಿಗೆ ಮತ್ತು ಮರುದಿನಕ್ಕೆ ಎಣ್ಣೆ ಹಚ್ಚಿ ಬೇಯಿಸಿದ ಚಪಾತಿ, ಚಟ್ನಿಪುಡಿ, ನಿಂಬೆಕಾಯಿ ಉಪ್ಪಿನಕಾಯಿ. ಆಮೇಲಿನ ದಿನಗಳಿಗೆ ಗೊಜ್ಜವಲಕ್ಕಿ. ಇದಕ್ಕಿಂತ ಒಳ್ಳೆಯ ಹಡಗಿನ ತಿಂಡಿ ಬೇರೆ ಇಲ್ಲ ಎಂದು ನನ್ನ ಖಚಿತ ಅಭಿಪ್ರಾಯ. ಅವಲಕ್ಕಿಯನ್ನು ಮಿಕ್ಸಿಯಲ್ಲಿ ರವೆಯ ಹಾಗೆ ಮಾಡಿ, ಹುಳಿ ಗೊಜ್ಜನ್ನು ಚೆನ್ನಾಗಿ ಕುದಿಸಿ ಗಟ್ಟಿ ಮಾಡಿ ಬೇರೆ ಡಬ್ಬಿಯಲ್ಲಿ ತನ್ನಿ. ಬೇಕಾದಾಗ ಬಿಸಿನೀರು ಚಿಮುಕಿಸಿ ಹತ್ತು ನಿಮಿಷ ಮುಚ್ಚಿಟ್ಟು ಕಲಸಿದರಾಯಿತು. ಕೋಡುಬಳೆ ಒಂದು ಡಬ್ಬಿ ಹೆಚ್ಚೇ ಇರಲಿ. ಡೆಕ್ಕಿನ ಮೇಲೆ ಪಕ್ಕದ ಟೆಂಟಿನವರ ಜೊತೆ ಮಾತು ಶುರುಮಾಡಲು ಅದು ಬೇಕು.

ಜಾಗ ಹಿಡಿಯುವುದು

ಬೇಗ ಬನ್ನಿ, ಕಾಲ್ನಡಿಗೆಯವರ ಸಾಲಿನಲ್ಲಿ ಮುಂದೆ ನಿಲ್ಲಿ. ಬಾಗಿಲು ತೆರೆದ ಕೂಡಲೇ ಎಲ್ಲರೂ ಓಡುವುದು ಮೇಲಿನ ಹಿಂಭಾಗದ ಡೆಕ್ಕಿಗೆ. ಅಲ್ಲಿ ಸೋಲೇರಿಯಂ ಎಂಬ ಜಾಗವಿದೆ: ಮೇಲೆ ಗಾಜಿನ ಮಾಡು, ಎರಡು ಬದಿ ಗೋಡೆ, ಹಿಂದುಗಡೆ ಪೂರಾ ಬಯಲು. ಮಾಡಿನ ಕೆಳಗೆ ಕೆಂಪಗೆ ಕಾದ ಹೀಟರುಗಳು ನೇತಾಡುತ್ತವೆ. ಪ್ಲಾಸ್ಟಿಕ್ ಪಟ್ಟಿಯ ಉದ್ದ ಕುರ್ಚಿಗಳನ್ನು ಮಲಗುವಷ್ಟು ಚಪ್ಪಟೆ ಮಾಡಬಹುದು. ಹೀಟರಿನ ನೇರ ಕೆಳಗಿನ ಕುರ್ಚಿ ಹಿಡಿಯಿರಿ, ಅದರ ಮೇಲೆ ಸ್ಲೀಪಿಂಗ್ ಬ್ಯಾಗ್ ಬಿಡಿಸಿ ಹಾಕಿದರೆ ಅದು ನಿಮ್ಮದು. ಬಸ್ಸಿನ ಸೀಟಿಗೆ ಟವೆಲ್ ಹಾಕುವ ನಮ್ಮ ನ್ಯಾಯವೇ ಇಲ್ಲೂ ನಡೆಯುತ್ತದೆ, ಯಾರೂ ತಕರಾರು ಮಾಡುವುದಿಲ್ಲ.

ಅಪ್ಪ ಮೆಟ್ಟಿಲು ಹತ್ತಿ ಬಂದು ಸುತ್ತ ನೋಡಿದರು. ಸಾಲಾಗಿ ಮಲಗಿದ ಜನ, ಗಂಟುಮೂಟೆ, ಒಬ್ಬರು ಆಗಲೇ ಗೊರಕೆ. “ಎಂಥದೋ ಇದು, ಧರ್ಮಸ್ಥಳದ ಛತ್ರ ಇದ್ದಹಾಗಿದೆ” ಎಂದರು. ಅವರಿಗೆಂದು ಕ್ಯಾಬಿನ್ ತೆಗೆದಿದ್ದೆ. ಎರಡನೇ ರಾತ್ರಿ ಅದನ್ನು ಬಿಟ್ಟು ಹೀಟರಿನ ಕೆಳಗೇ ಬಂದು ಮಲಗಿದರು.

ಟೆಂಟು ಹಾಕುವವರಿಗೆ ಸೋಲೇರಿಯಂ ಆಚೆಗಿನ ಬಯಲು ಡೆಕ್ಕು. ಗೂಟ ಹೊಡೆಯಲು ನೆಲವಿಲ್ಲ, ಕಬ್ಬಿಣ. ಅದಕ್ಕೇ ಇಲ್ಲಿ ಟೆಂಟನ್ನು ಡಕ್ಟ್ ಟೇಪಿನಿಂದ ಅಂಟಿಸುತ್ತಾರೆ. ತಮಾಷೆಯಲ್ಲ, ಇದೇ ಪದ್ಧತಿ. ಕೋಲುಗಳ ಮೇಲೆ ತಾನೇ ನಿಲ್ಲುವ ಸಣ್ಣ ಟೆಂಟೇ ಆಗಬೇಕು. ನಾನು ಮೊದಲ ರಾತ್ರಿ ಮಾಡಿದ ತಪ್ಪನ್ನು ನೀವು ಮಾಡಬೇಡಿ. ಮಳೆ ಆಗಷ್ಟೇ ನಿಂತಿತ್ತು, ಜಾಗ ಹೋದೀತೆಂಬ ಅವಸರದಲ್ಲಿ ಒದ್ದೆ ಡೆಕ್ಕಿನ ಮೇಲೇ ಟೇಪು ಒತ್ತಿದೆ. ರಾತ್ರಿ ಎರಡರ ಹೊತ್ತಿಗೆ ಒಂದು ಮೂಲೆ ಪಟಪಟ ಎನ್ನತೊಡಗಿತು, ಐದು ನಿಮಿಷದಲ್ಲಿ ಎರಡನೆಯದೂ ಎದ್ದಿತು. ಟೆಂಟಿನೊಳಗೆ ಕೈಕಾಲು ನಾಲ್ಕು ದಿಕ್ಕಿಗೆ ಚಾಚಿ ನಾನೇ ಗೂಟವಾಗಿ ಬೆಳಗು ಮಾಡಿದೆ.

ಸರಿಯಾದ ಕ್ರಮ ಇದು. ಮೊದಲು ಗಾಳಿ ಯಾವ ಕಡೆಯಿಂದ ಎಂದು ನೋಡಿ, ಗೋಡೆಯ ಮರೆಯ ಜಾಗ ಆರಿಸಿ. ಹಡಗು ನಿಂತಿದ್ದಾಗಿನ ಗಾಳಿ ಲೆಕ್ಕಕ್ಕಿಲ್ಲ, ಹೊರಟ ಮೇಲೆ ಅದು ಮುಂದಿನಿಂದ ಬೀಸುತ್ತದೆ. ಹಳೆಯ ಟವೆಲಿನಿಂದ ಡೆಕ್ಕನ್ನು ಒರೆಸಿ, ಒಣಗಲು ಬಿಟ್ಟು, ಮತ್ತೊಮ್ಮೆ ಒರೆಸಿ. ಟೆಂಟಿನ ಮೂಲೆಯ ಪಟ್ಟಿಯ ಮೇಲೆ ಮೊಳದುದ್ದದ ಟೇಪನ್ನು ಗುಣಾಕಾರದ ಚಿಹ್ನೆಯ ಹಾಗೆ ಅಡ್ಡಡ್ಡ ಹಾಕಿ, ಹೆಬ್ಬೆರಳಿನಿಂದ ತೀಡಿ. ಭಾರದ ಚೀಲಗಳನ್ನು ಒಳಗೆ, ಗಾಳಿ ಬರುವ ಬದಿಗೆ ಇಡಿ. ಅಗ್ಗದ ಟೇಪು ಬೇಡ, ದೊಡ್ಡ ಸುರುಳಿಯೇ ತನ್ನಿ, ಪಕ್ಕದವರಿಗೂ ಬೇಕಾಗುತ್ತದೆ. ಇಳಿಯುವಾಗ ಒಂದು ಚೂರೂ ಬಿಡದೆ ಕಿತ್ತುಕೊಂಡು ಹೋಗಿ.

ಎಲ್ಲಿ ಎಚ್ಚರವಾಗಿರಬೇಕು, ಎಲ್ಲಿ ಮಲಗಬಹುದು

ಜೂನ್ ತಿಂಗಳ ಪ್ರಯಾಣ ಎಂದುಕೊಂಡು ಅಂದಾಜು ಹೊತ್ತು ಹೇಳುತ್ತೇನೆ.

ಮೊದಲ ರಾತ್ರಿ, ನಡುರಾತ್ರಿ ಕಳೆದ ಮೇಲೆ, ವ್ಯಾಂಕೂವರ್ ದ್ವೀಪಕ್ಕೂ ಪಕ್ಕದ ದ್ವೀಪಕ್ಕೂ ನಡುವಿನ ಸೇಮೋರ್ ನ್ಯಾರೋಸ್ ಎಂಬ ಕಿರಿದಾದ ದಾರಿ ಬರುತ್ತದೆ. ಇಲ್ಲಿ ನೀರಿನ ಸೆಳೆತ 15 ನಾಟ್‌ವರೆಗೂ, ಅಂದರೆ ಗಂಟೆಗೆ ಸುಮಾರು 28 ಕಿ.ಮೀ.ವರೆಗೂ ಏರುತ್ತದೆ. ಹಡಗಿನ ವೇಗದಷ್ಟೇ! ಹಿಂದೆ ಇದರ ನಟ್ಟನಡುವೆ ನೀರಿನಡಿ ರಿಪಲ್ ರಾಕ್ ಎಂಬ ಬಂಡೆಯ ಜೋಡಿ ಕೊಂಬುಗಳಿದ್ದವು, ಎಷ್ಟೋ ಹಡಗುಗಳನ್ನು ನುಂಗಿದ್ದವು. ಕೆನಡಾದವರು ಸಮುದ್ರದ ತಳದ ಅಡಿಯಿಂದ ಸುರಂಗ ಕೊರೆದು ಒಳಗಿನಿಂದ ಸಿಡಿಮದ್ದು ತುಂಬಿ 1958ರ ಏಪ್ರಿಲ್ 5ರಂದು ಅದನ್ನು ಹಾರಿಸಿದರು. ಈಗ ನೋಡಲು ಅಲ್ಲಿ ಏನೂ ಇಲ್ಲ, ಕತ್ತಲು ಬೇರೆ. ಮಲಗಿ. ನನ್ನ ಹಾಗೆ ಟೆಂಟು ಹಿಡಿದುಕೊಂಡು ಎದ್ದಿದ್ದರೆ ಮಾತ್ರ ಹಡಗು ಸಣ್ಣಗೆ ಅಲುಗುವುದು ತಿಳಿಯುತ್ತದೆ.

ಶನಿವಾರ ಬೆಳಿಗ್ಗೆ ಐದಕ್ಕೆ ಏಳಿ. ಅದು ಜಾನ್‌ಸ್ಟನ್ ಜಲಸಂಧಿ, ಓರ್ಕಾಗಳು ಬೇಸಿಗೆಯಲ್ಲಿ ಓಡಾಡುವ ನೀರು. ಕಪ್ಪು ರೆಕ್ಕೆ ನೇರ ನಿಂತ ಹಲಗೆಯ ಹಾಗೆ ಕಾಣುತ್ತದೆ.

ಮಧ್ಯಾಹ್ನದ ಹೊತ್ತಿಗೆ ದ್ವೀಪಗಳ ಮರೆ ತಪ್ಪಿ ಕ್ವೀನ್ ಷಾರ್ಲಟ್ ಸೌಂಡ್ ಎಂಬ ಅಗಲವಾದ ಕಡಲಭಾಗದಲ್ಲಿ ಪೆಸಿಫಿಕ್ ಸಾಗರ ನೇರ ಬಂದು ಹೊಡೆಯುತ್ತದೆ, ಕೆಲವು ಗಂಟೆ. ಇಡೀ ದಾರಿಯಲ್ಲಿ ತಲೆ ಸುತ್ತುವುದಿದ್ದರೆ ಮುಖ್ಯವಾಗಿ ಇಲ್ಲೇ. ಇನ್ನೊಂದು ಅಂಥ ಜಾಗ ಡಿಕ್ಸನ್ ಎಂಟ್ರನ್ಸ್, ಅದು ಭಾನುವಾರ ಬೆಳಗಿನ ಜಾವ ನಿದ್ದೆಯಲ್ಲೇ ಕಳೆಯುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನ ಕಿಟಕಿ ಹುಡುಕುವ ಜಾತಿಯವರು ನೀವಾದರೆ ವೈದ್ಯರನ್ನು ಕೇಳಿ ವಾಂತಿ ತಡೆಯುವ ಗುಳಿಗೆ ತನ್ನಿ, ಹೊರಗಿನ ಕಡಲು ಬರುವುದಕ್ಕೆ ಒಂದು ಗಂಟೆ ಮೊದಲೇ ನುಂಗಿ. ಶುರುವಾದ ಮೇಲೆ ನುಂಗಿ ಉಪಯೋಗವಿಲ್ಲ. ಊಟ ಬೇಗ ಮುಗಿಸಿ, ಅರೆಹೊಟ್ಟೆ ಇರಲಿ. ಹಡಗಿನ ನಡುಭಾಗದಲ್ಲಿ, ಆದಷ್ಟು ಕೆಳಗಿನ ಅಂತಸ್ತಿನಲ್ಲಿ ಕೂತು ದಿಗಂತ ನೋಡಿ. ಫೋನು, ಪುಸ್ತಕ ಬೇಡ. ಒಂದು ತುಂಡು ಒಣಶುಂಠಿ, ಬೆಲ್ಲ ಬಾಯಲ್ಲಿ ಇಟ್ಟುಕೊಂಡು ಅಪ್ಪ ಇಡೀ ಸೌಂಡನ್ನು ದಾಟಿದರು. ಗುಳಿಗೆ ನುಂಗಿದ ನಾನು ಗಡದ್ದಾಗಿ ನಿದ್ದೆ ಹೊಡೆದೆ.

ಬೆಲ್ಲಾ ಬೆಲ್ಲಾ ಎಂಬ ಊರು ಸಂಜೆ ಬರುತ್ತದೆ (ಹೆಸರು ಕೇಳಿ ಅಪ್ಪನಿಗೆ ಬಹಳ ಖುಷಿ). ಹೈಲ್ಟ್‌ಸುಕ್ ಎಂಬ ಮೂಲನಿವಾಸಿ ಜನರ ಊರು. ಹತ್ತಿರದ ತುದಿಯಲ್ಲಿ ಕೆಂಪು ಟೊಪ್ಪಿಯ ಬಿಳಿ ದೀಪಸ್ತಂಭ. ಅಲ್ಲಿಂದ ಮುಂದಿನದ್ದು ನಿಜವಾದ ಫಿಯೋರ್ಡುಗಳ ನಾಡು. ಹಿಮಯುಗದಲ್ಲಿ ಹಿಮನದಿಗಳು ಕೊರೆದ ಕಣಿವೆಗಳಿಗೆ ಆಮೇಲೆ ಸಮುದ್ರ ನುಗ್ಗಿ ಆದ ದಾರಿಗಳಿವು. ಅದಕ್ಕೇ ದಡ ಇಳಿಜಾರಾಗಿ ನೀರಿಗೆ ಇಳಿಯುವುದಿಲ್ಲ, ಗೋಡೆಯಂತೆ ನೇರ ಮುಳುಗುತ್ತದೆ. ದೊಡ್ಡ ಹಡಗೂ ಬಂಡೆಗೆ ಇಷ್ಟು ಹತ್ತಿರ ಹೋಗಲು ಸಾಧ್ಯವಾಗುವುದು ಅದರಿಂದಲೇ. ಪ್ರಿನ್ಸೆಸ್ ರಾಯಲ್ ಚಾನೆಲ್‌ನಲ್ಲಿ ಹತ್ತು ಗಂಟೆಯ ಮುಸ್ಸಂಜೆ ಬೆಳಕಿದೆ, ನೀರು ಎಣ್ಣೆಯ ಹಾಗೆ ನಿಂತಿದೆ, ಎರಡೂ ಬದಿಯ ಕಾಡಿನಿಂದ ಸಣ್ಣ ಸಣ್ಣ ಜಲಪಾತಗಳು ಸದ್ದಿಲ್ಲದೆ ಇಳಿಯುತ್ತಿವೆ. ಎಂಜಿನ್ ಶಬ್ದದಲ್ಲಿ ನೀರಿನ ಸದ್ದು ಕೇಳುವುದಿಲ್ಲ. ಹತ್ತಿರದ ಮರಗಳ ಕೊಂಬೆಗಳಲ್ಲಿ ಒಣಗಡ್ಡದಂಥ ಪಾಚಿ ಜೋಲಾಡುವುದು ಬರಿಗಣ್ಣಿಗೇ ಕಾಣುತ್ತದೆ. ಒಂದೂ ದೀಪವಿಲ್ಲ, ಒಂದೂ ಮನೆಯಿಲ್ಲ. ಇಲ್ಲಿ ಮಲಗಿದರೆ ನಷ್ಟ. ಮುಂದಿನ ಗ್ರೆನ್‌ವಿಲ್ ಚಾನೆಲ್ ಇನ್ನೂ ಕಿರಿದು, ಅಳತೆಪಟ್ಟಿ ಇಟ್ಟು ಗೆರೆ ಎಳೆದಷ್ಟು ನೇರ, ಆದರೆ ಅದು ನಡುರಾತ್ರಿಯ ಮೇಲೆ.

ಭಾನುವಾರದ ಕೆಚಿಕನ್‌ನಲ್ಲಿ ಹಡಗು ಕೆಲವು ಗಂಟೆ ನಿಲ್ಲುತ್ತದೆ. ಕಟ್ಟೆಯಿಂದ ಪೇಟೆಗೆ ನಾಲ್ಕು ಕಿ.ಮೀ. ಇದೆ. ಸಮಯ ಇದ್ದರೆ ಟ್ಲಿಂಗಿಟ್ ಮತ್ತು ಹೈಡಾ ಮೂಲನಿವಾಸಿಗಳು ಕೆತ್ತಿದ ಹಳೆಯ ಟೋಟೆಮ್ ಎಂಬ ಮರದ ಕಂಬಗಳನ್ನು ಕಾಪಾಡಿಟ್ಟ ಕೇಂದ್ರ ನೋಡಿ, ಕ್ರೂಸಿನವರ ಒಡವೆ ಅಂಗಡಿ ಬೀದಿ ಬಿಡಿ. ಹಡಗಿನಿಂದ ಇಳಿಯುವಾಗ ಎಷ್ಟು ಗಂಟೆಗೆ ವಾಪಸು ಬರಬೇಕೆಂದು ಪರ್ಸರ್ ಕೌಂಟರಿನಲ್ಲಿ ಕೇಳಿಕೊಂಡೇ ಇಳಿಯಿರಿ. ಕಾಯುವುದಿಲ್ಲ.

ರಾಂಗೆಲ್‌ನಲ್ಲಿ ನಿಲ್ಲುವುದು ಮುಕ್ಕಾಲು ಗಂಟೆ ಇರಬಹುದು, ಆದರೂ ಇಳಿಯಿರಿ. ಕಟ್ಟೆಯ ಹತ್ತಿರ ಊರಿನ ಮಕ್ಕಳು ಮಡಚುವ ಮೇಜಿಟ್ಟುಕೊಂಡು ಗಾರ್ನೆಟ್ ಕಲ್ಲು ಮಾರುತ್ತಾರೆ. ಹತ್ತಿರದ ಸ್ಟಿಕೀನ್ ನದಿಯ ಬಾಯಿಯಲ್ಲಿ ಆ ಕಲ್ಲಿನ ಬಂಡೆಸಾಲಿದೆ. 1962ರಲ್ಲಿ ಊರಿನ ಮಾಜಿ ಮೇಯರ್ ಒಬ್ಬರು ಅದನ್ನು ಸ್ಕೌಟ್ ಸಂಸ್ಥೆಗೆ ಬರೆದುಕೊಟ್ಟರು, ಮಕ್ಕಳು ಕಲ್ಲು ತೆಗೆದು ಮಾರಿಕೊಳ್ಳಲಿ ಎಂದು. ಕಲ್ಲುಗಳನ್ನು ಗಾತ್ರದ ಪ್ರಕಾರ ಕೇಕಿನ ಗುಳಿತಟ್ಟೆಯಲ್ಲಿ ವಿಂಗಡಿಸಿಟ್ಟಿರುತ್ತಾರೆ. ನೇರಳೆಹಣ್ಣು ಒಣಗಿದಂಥ ಬಣ್ಣ, ಮುಖಮುಖವಾಗಿ ಕತ್ತರಿಸಿದಂತೆ ಕಂಡರೂ ಅದು ನೆಲದಲ್ಲಿ ಹಾಗೇ ಬೆಳೆದ ಆಕಾರ. ಅಪ್ಪ ಒಂಬತ್ತು ವರ್ಷದ ಹುಡುಗಿಯ ಹತ್ತಿರ ಚೌಕಾಸಿಗೆ ಇಳಿದರು. ಅವಳು ಒಂದು ಡಾಲರೂ ಇಳಿಸಲಿಲ್ಲ, ಬದಲಿಗೆ ಒಂದು ಪುಟ್ಟ ಕಲ್ಲು ಮೇಲೆ ಹಾಕಿಕೊಟ್ಟಳು. ಚಿಲ್ಲರೆ ನೋಟು ಇಟ್ಟುಕೊಂಡಿರಿ.

ರಾಂಗೆಲ್ ನ್ಯಾರೋಸ್

ರಾಂಗೆಲ್ ಬಿಟ್ಟ ಮೇಲೆ ಏನೇ ಕೆಲಸವಿದ್ದರೂ ಬಿಟ್ಟು ಹಡಗಿನ ಮುಂಭಾಗಕ್ಕೆ ಹೋಗಿ. ಮಿಟ್‌ಕಾಫ್ ಮತ್ತು ಕುಪ್ರಿಯನಾಫ್ ದ್ವೀಪಗಳ ನಡುವಿನ ಈ ದಾರಿ 35 ಕಿ.ಮೀ. ಉದ್ದ. ಕೆಲವು ಕಡೆ ಹಡಗು ಹೋಗಬಹುದಾದ ಅಗಲ ನೂರು ಮೀಟರಿನ ಆಸುಪಾಸು. ದೊಡ್ಡ ಕ್ರೂಸ್ ಹಡಗುಗಳು ಇದರೊಳಗೆ ಬರುವುದಿಲ್ಲ, ಸುತ್ತಿ ಹೋಗುತ್ತವೆ. ನಮ್ಮ ಸರ್ಕಾರಿ ಹಡಗು ಉಬ್ಬರ ನೋಡಿಕೊಂಡು ಒಳಗೆ ನುಗ್ಗುತ್ತದೆ. ಅದಕ್ಕೇ ವೇಳಾಪಟ್ಟಿ ವಾರವಾರ ಬದಲಾಗುವುದು.

ಇಡೀ ದಾರಿಯಲ್ಲಿ ಅರವತ್ತಕ್ಕೂ ಹೆಚ್ಚು ದೀಪ ಮತ್ತು ತೇಲುಗುರುತುಗಳಿವೆ. ಉತ್ತರಕ್ಕೆ ಹೋಗುವಾಗ ಕೆಂಪು ಬಲಕ್ಕೆ, ಹಸಿರು ಎಡಕ್ಕೆ ಇಟ್ಟುಕೊಂಡು ಹಡಗು ಎಡಬಲ ತಿರುಗುತ್ತಲೇ ಇರುತ್ತದೆ. ಶಿರಾಡಿಯ ತಿರುವುಗಳಲ್ಲಿ ಡ್ರೈವರ್ ಸ್ಟೇರಿಂಗ್ ತಿರುಗಿಸುವುದನ್ನು ನೋಡುತ್ತಾ ಕೂತ ಹಾಗೆ. ದಡದ ಮನೆಗಳ ಅಡುಗೆಮನೆಯ ಕಿಟಕಿ ಕಾಣುತ್ತದೆ, ಜನ ಅಂಗಳದಿಂದ ಕೈ ಬೀಸುತ್ತಾರೆ. ತೇಲುಗುರುತಿನ ಮೇಲೆ ಸೀಲುಗಳು ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ, ಮರದ ತುದಿಯಲ್ಲಿ ಬಿಳಿತಲೆಯ ಹದ್ದು. ಕತ್ತಲಲ್ಲಿ ದಾಟುವ ಸರದಿ ಬಂದರೆ ಬೇಸರಪಡಬೇಡಿ. ಆಗ ಕೆಂಪು ಹಸಿರು ದೀಪಗಳ ಸಾಲು ಜಾತ್ರೆಯ ಬೀದಿಯಂತಾಗುತ್ತದೆ, ಹಡಗಿನವರು ಇದನ್ನು ಕ್ರಿಸ್‌ಮಸ್ ಮರದ ಬೀದಿ ಎನ್ನುತ್ತಾರೆ. ಒಂದು ವಿನಂತಿ: ಮುಂಭಾಗದಲ್ಲಿ ಟಾರ್ಚು, ಫ್ಲ್ಯಾಶ್ ಹಾಕಬೇಡಿ. ಮೇಲೆ ಹಡಗು ನಡೆಸುವವರ ಕಣ್ಣು ಕತ್ತಲಿಗೆ ಹೊಂದಿಕೊಂಡಿರುತ್ತದೆ.

ನ್ಯಾರೋಸ್ ಮುಗಿಯುವುದೇ ಪೀಟರ್ಸ್‌ಬರ್ಗ್‌ನಲ್ಲಿ. ನಾರ್ವೆಯಿಂದ ಬಂದವರು ಕಟ್ಟಿದ ಮೀನುಗಾರರ ಊರು. ಆಚೆಗಿನ ಫ್ರೆಡರಿಕ್ ಸೌಂಡಿನಲ್ಲಿ ಲೆಕಾಂಟ್ ಹಿಮನದಿಯಿಂದ ಕಳಚಿದ ನೀಲಿ ಮಂಜುಗಡ್ಡೆ ತೇಲಿಬರುವುದುಂಟು. ಬೇಸಿಗೆಯಲ್ಲಿ ಗೂನುಬೆನ್ನಿನ ತಿಮಿಂಗಿಲಗಳು ಮೇಯುವ ಜಾಗವೂ ಇದೇ. ತಿಮಿಂಗಿಲವನ್ನು ಹುಡುಕಬೇಡಿ, ಉಸಿರನ್ನು ಹುಡುಕಿ. ದೂರದ ಕಡುಹಸಿರು ದಡದ ಎದುರು ಬಿಳಿ ಹೊಗೆಯ ಪೊದೆಯೊಂದು ಎದ್ದು ಕರಗುತ್ತದೆ. ಅಲ್ಲಿಗೆ ದುರ್ಬೀನು ಇಡಿ. ಬೆನ್ನು ಬಾಗಿ ಬಾಲ ಮೇಲೆದ್ದರೆ ಅದು ಆಳಕ್ಕೆ ಹೋಯಿತು, ಇನ್ನು ಐದಾರು ನಿಮಿಷ ಕಾಯಬೇಕು.

ಜೂನೋದಿಂದ ಮುಂದೆ

ಜೂನೋ ಕಟ್ಟೆ ಇರುವುದು ಆಕ್ ಬೇಯಲ್ಲಿ, ಪೇಟೆಯಿಂದ 22 ಕಿ.ಮೀ. ಆಚೆ. ಮುಟ್ಟುವುದು ಸಾಮಾನ್ಯವಾಗಿ ಅವೇಳೆಯಲ್ಲಿ, ಆದ್ದರಿಂದ ಅಲ್ಲಿ ಇಳಿಯುವವರು ಗಾಡಿಗೆ ಮೊದಲೇ ಹೇಳಿಟ್ಟಿರಿ. ಅಲ್ಲಿಂದ ಹೇನ್ಸ್‌ಗೆ ನಾಲ್ಕೂವರೆ ಗಂಟೆ, ಸ್ಕ್ಯಾಗ್ವೇಗೆ ಇನ್ನೊಂದು ಗಂಟೆ. ಈ ಭಾಗದ ಹೆಸರು ಲಿನ್ ಕೆನಾಲ್. ಹೆಸರಿಗೆ ಕಾಲುವೆ, ಅಸಲಿಗೆ 600 ಮೀಟರಿಗೂ ಹೆಚ್ಚು ಆಳದ ಫಿಯೋರ್ಡು. 1794ರಲ್ಲಿ ಈ ಕರಾವಳಿಯ ನಕ್ಷೆ ಮಾಡಿಸಿದ ಇಂಗ್ಲಿಷ್ ನಾವಿಕ ಜಾರ್ಜ್ ವ್ಯಾಂಕೂವರ್ ಇದಕ್ಕೆ ತನ್ನ ಹುಟ್ಟೂರು ಕಿಂಗ್ಸ್ ಲಿನ್‌ನ ಹೆಸರಿಟ್ಟ. 1918ರ ಅಕ್ಟೋಬರ್‌ನಲ್ಲಿ ಪ್ರಿನ್ಸೆಸ್ ಸೋಫಿಯಾ ಎಂಬ ಹಡಗು ಇಲ್ಲಿಯ ವ್ಯಾಂಡರ್‌ಬಿಲ್ಟ್ ಬಂಡೆಯ ಮೇಲೆ ಹತ್ತಿ ಕೂತು, ರಕ್ಷಣೆಗೆ ಬಂದ ದೋಣಿಗಳು ಬಿರುಗಾಳಿಯಲ್ಲಿ ಹತ್ತಿರ ಹೋಗಲಾರದೆ ಕಾಯುತ್ತಿದ್ದಂತೆ ಮುಳುಗಿತು. ಒಳಗಿದ್ದ 350ಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಈಗ ಆ ಬಂಡೆಯ ಮೇಲೆ ದೀಪವಿದೆ.

ಹೇನ್ಸ್‌ನಲ್ಲಿ ಇಳಿಯಬೇಕೋ ಸ್ಕ್ಯಾಗ್ವೇಯಲ್ಲೋ? ಸ್ಕ್ಯಾಗ್ವೇ 1897ರ ಚಿನ್ನದ ಹುಚ್ಚಿನ ಊರು, ಬೇಸಿಗೆಯಲ್ಲಿ ಕ್ರೂಸ್ ಜನರ ನೂಕುನುಗ್ಗಲು. ಒಂದು ರಾತ್ರಿ ಸಾಕು. ನಾವು ಹೇನ್ಸ್‌ನಲ್ಲಿ ಎರಡು ದಿನ ಉಳಿದೆವು. ಬೆಟ್ಟ ಅಷ್ಟೇ ಎತ್ತರ, ಜನ ಕಾಲು ಭಾಗ. ವಾಪಸು ಬರಲು ಅದೇ ಸರ್ಕಾರಿ ಹಡಗಿನಲ್ಲಿ ಜೂನೋಗೆ ಬಂದು, ಅಲ್ಲಿಂದ ಸಿಯಾಟಲ್‌ಗೆ ಎರಡೂವರೆ ಗಂಟೆಯ ವಿಮಾನ ಹಿಡಿಯುವುದು ಸುಲಭ. ಟೇಪಿನ ಉಳಿದ ಸುರುಳಿಯನ್ನು ನಾವು ಹೇನ್ಸ್ ಕಟ್ಟೆಯಲ್ಲಿ, ದಕ್ಷಿಣಕ್ಕೆ ಹೊರಟು ಸಾಲಿನಲ್ಲಿ ನಿಂತಿದ್ದ ಟೆಂಟಿನ ಹುಡುಗರಿಗೆ ಕೊಟ್ಟೆವು. ಡೆಕ್ಕು ಒರೆಸಿಕೊಳ್ಳಿ ಎಂದು ಅಪ್ಪ ಕೈಸನ್ನೆಯಲ್ಲೇ ತೋರಿಸಿಕೊಟ್ಟರು.